ಬೈಪಾಸ್‌ಗೆ ಮೊದಲು ನಡಿಗೆ ಪರೀಕ್ಷೆ, ಊದುವ ಪರೀಕ್ಷೆ: ತಂದೆಯವರ ಆಪರೇಷನ್ ನಾಲ್ಕು ವಾರ ಮುಂದೆ ಹೋಗಿದೆ

ಪ್ರಶ್ನೆ: ತೋಟದಮನೆ

ಮಾನ್ಯರೇ,

ನಮ್ಮ ತಂದೆಯವರಿಗೆ 66 ವರ್ಷ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಅಡಿಕೆ ತೋಟ ನೋಡಿಕೊಂಡಿದ್ದಾರೆ. ಏರು ಹತ್ತುವಾಗ ಎದೆ ಬಿಗಿಯುತ್ತದೆ, ನಿಂತರೆ ಎರಡು ನಿಮಿಷದಲ್ಲಿ ಸರಿಹೋಗುತ್ತದೆ ಎಂದು ಹೇಳುತ್ತಿದ್ದರು. ಆಂಜಿಯೋಗ್ರಾಂ ಮಾಡಿಸಿದಾಗ ಮೂರೂ ರಕ್ತನಾಳಗಳಲ್ಲಿ ಬ್ಲಾಕ್ ಇರುವುದು ತಿಳಿಯಿತು. ಎಕೋ ವರದಿಯಲ್ಲಿ ಹೃದಯದ ಪಂಪಿಂಗ್ ಶೇ. 50 ಎಂದಿದೆ. ಬೈಪಾಸ್ ಮಾಡಿಸುವುದೇ ಒಳ್ಳೆಯದು ಎಂಬ ಸಲಹೆಗೆ ಒಪ್ಪಿ, ಹಣ, ರಕ್ತ ಕೊಡುವವರು, ಆಸ್ಪತ್ರೆಯಲ್ಲಿ ಜೊತೆಗೆ ಉಳಿಯುವವರು ಎಲ್ಲವನ್ನೂ ಹೊಂದಿಸಿಕೊಂಡೇ ಹೋಗಿದ್ದೆವು.

ಆಪರೇಷನ್‌ಗೆ ಮುಂಚಿನ ತಪಾಸಣೆಯಲ್ಲಿ ಅರಿವಳಿಕೆ ವೈದ್ಯರು ತಂದೆಯವರಿಗೆ ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಎಂದು ಎಣಿಸುತ್ತಾ ಹೋಗಲು ಹೇಳಿದರು. ಅವರು 17ಕ್ಕೆ ನಿಂತರು. ಬಳಿಕ ಊದುವ ಪರೀಕ್ಷೆ ನಡೆಯಿತು. ಮೊದಲ ಒಂದು ಸೆಕೆಂಡಿನಲ್ಲಿ ಹೊರಬರುವ ಗಾಳಿ ಅವರ ವಯಸ್ಸು, ಎತ್ತರಕ್ಕೆ ಇರಬೇಕಾದುದರ ಶೇ. 54 ಮಾತ್ರ ಇದೆ, ಅದಕ್ಕೂ ಒಟ್ಟು ಗಾಳಿಗೂ ಇರುವ ಅನುಪಾತ 0.56 ಎಂದು ವರದಿ ಬಂದಿದೆ. ಮರುದಿನ ಕಾರಿಡಾರ್‌ನಲ್ಲಿ ಎರಡು ಕಿತ್ತಳೆ ಬಣ್ಣದ ಕೋನ್‌ಗಳನ್ನಿಟ್ಟು ಅವುಗಳ ನಡುವೆ ಆರು ನಿಮಿಷ ನಡೆಸಿದರು. ತಂದೆಯವರು ಪಂಚೆ ಮೇಲೆತ್ತಿ ಕಟ್ಟಿಕೊಂಡು, ಬೆರಳಿಗೆ ಕ್ಲಿಪ್ ಸಿಕ್ಕಿಸಿಕೊಂಡು ನಡೆದರು. ನಾನು ಜೊತೆಗೆ ಹೆಜ್ಜೆ ಹಾಕಲು ಹೋದರೆ ಬೇಡವೆಂದು ಕುರ್ಚಿಯಲ್ಲಿ ಕೂರಿಸಿದರು. ಒಟ್ಟು 285 ಮೀಟರ್ ಆಯಿತು. ರಕ್ತದ ಆಮ್ಲಜನಕ ಶೇ. 96ರಿಂದ 91ಕ್ಕೆ ಇಳಿಯಿತು. ಕೊನೆಗೆ, ನಾಲ್ಕು ವಾರ ಬೀಡಿ ಸಂಪೂರ್ಣ ಬಿಟ್ಟು, ಇನ್‌ಹೇಲರ್ ತೆಗೆದುಕೊಂಡು, ಉಸಿರಾಟದ ವ್ಯಾಯಾಮ ಮಾಡಿಕೊಂಡು ಬನ್ನಿ ಎಂದು ಕಳುಹಿಸಿದ್ದಾರೆ.

ರೋಗ ಇರುವುದು ಹೃದಯದಲ್ಲಿ, ಪರೀಕ್ಷೆ ಮಾಡಿದ್ದು ಶ್ವಾಸಕೋಶವನ್ನು. ಮೂರು ಬ್ಲಾಕ್ ಇಟ್ಟುಕೊಂಡು ನಾಲ್ಕು ವಾರ ಕಾಯುವುದು ಅಪಾಯವಲ್ಲವೇ? ಬ್ಲಾಕ್ ಇರುವವರನ್ನು ಹೀಗೆ ನಡೆಸಬಹುದೇ? ‘ಫಿಟ್’ ಎನ್ನಿಸಿಕೊಳ್ಳಲು ಎಷ್ಟು ಮೀಟರ್ ನಡೆಯಬೇಕು? ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ಅರಿವಳಿಕೆ ವೈದ್ಯ

ನಾನು ಹೃದಯ ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಅರಿವಳಿಕೆ ಕೊಡುವವನು. ತಮ್ಮ ತಂದೆಯವರನ್ನು ನೋಡಿಲ್ಲವಾದ್ದರಿಂದ ಅವರ ಚಿಕಿತ್ಸೆಯ ಬಗ್ಗೆ ತೀರ್ಪು ಕೊಡಲಾರೆ. ಆದರೆ ತಾವು ಬರೆದ ಅಂಕಿಗಳನ್ನು ನೋಡಿದರೆ, ಆ ವೈದ್ಯರ ಜಾಗದಲ್ಲಿ ನಾನಿದ್ದರೂ ಹೀಗೆಯೇ ಮಾಡುತ್ತಿದ್ದೆ.

ಹೃದಯದ ಆಪರೇಷನ್‌ಗೆ ಶ್ವಾಸಕೋಶವನ್ನೇಕೆ ನೋಡಬೇಕು ಎಂಬುದಕ್ಕೆ ಉತ್ತರ ಆಪರೇಷನ್ ಮುಗಿದ ಮರುದಿನ ಐಸಿಯುನಲ್ಲಿ ಸಿಗುತ್ತದೆ. ಬೈಪಾಸ್‌ನಲ್ಲಿ ಎದೆಮೂಳೆಯನ್ನು ಉದ್ದಕ್ಕೆ ಸೀಳುತ್ತಾರೆ. ಹೃದಯಕ್ಕೆ ಹೊಸ ನಾಳವಾಗಿ ಜೋಡಿಸಲು ಎದೆಗೋಡೆಯ ಒಳಗಿನ ರಕ್ತನಾಳವನ್ನು ಬಿಡಿಸಿಕೊಳ್ಳುವಾಗ ಎಡ ಶ್ವಾಸಕೋಶದ ಹೊದಿಕೆ ಎಷ್ಟೋ ಸಲ ತೆರೆದುಕೊಳ್ಳುತ್ತದೆ. ಹೃದಯ-ಶ್ವಾಸಕೋಶ ಯಂತ್ರ ನಡೆಯುತ್ತಿರುವಷ್ಟು ಹೊತ್ತು ಶ್ವಾಸಕೋಶಗಳು ಗಾಳಿಯಿಲ್ಲದೆ ಮುದುಡಿರುತ್ತವೆ. ಇಷ್ಟೆಲ್ಲ ಆದ ಮೇಲೆ ಮೊದಲ ಕೆಲವು ದಿನ ಎಂಥ ಆರೋಗ್ಯವಂತರಿಗೂ ಉಸಿರಿನ ಸಾಮರ್ಥ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ನೋವಿನಿಂದಾಗಿ ಗಟ್ಟಿಯಾಗಿ ಕೆಮ್ಮಲೂ ಆಗುವುದಿಲ್ಲ. ಮೊದಲೇ ಶೇ. 54 ಇದ್ದವರಲ್ಲಿ ಅದರ ಅರ್ಧ ಎಂದರೆ ಎಷ್ಟು ಉಳಿಯಿತು ಎಂದು ತಾವೇ ಲೆಕ್ಕ ಹಾಕಬಹುದು. ಅಂಥವರಲ್ಲಿ ಹೃದಯಕ್ಕೆ ಹಾಕಿದ ಹೊಸ ನಾಳಗಳು ಚೆನ್ನಾಗಿ ಕೆಲಸ ಮಾಡುತ್ತಿದ್ದರೂ ಕಫ ಕಟ್ಟಿ, ನ್ಯುಮೋನಿಯಾ ಆಗಿ, ವೆಂಟಿಲೇಟರ್‌ನಿಂದ ಬಿಡಿಸುವುದೇ ಕಷ್ಟವಾಗಿಬಿಡುತ್ತದೆ.

ಅನುಪಾತ 0.70ಕ್ಕಿಂತ ಕಡಿಮೆ ಇದ್ದರೆ ಶ್ವಾಸನಾಳಗಳು ಕಿರಿದಾಗಿವೆ ಎಂದು ಅರ್ಥ. ಬೀಡಿ ಸೇದುವವರ ಕಾಯಿಲೆ ಇದೇ. ಇನ್‌ಹೇಲರ್‌ನಿಂದ ಅದನ್ನು ಒಂದಿಷ್ಟು ತೆರೆಯಲು ಸಾಧ್ಯವಿರುವುದರಿಂದಲೇ ತಮಗೆ ನಾಲ್ಕು ವಾರ ಕೊಟ್ಟಿರುವುದು. ಬೀಡಿ ಬಿಟ್ಟ ಮೊದಲ ವಾರಗಳಲ್ಲಿ ಕೆಮ್ಮು, ಕಫ ಹೆಚ್ಚಾದಂತೆ ಕಾಣಬಹುದು. ಅದನ್ನು ನೋಡಿ ‘ಬಿಟ್ಟಿದ್ದರಿಂದಲೇ ಹೀಗಾಯಿತು’ ಎಂದು ಮತ್ತೆ ಹಚ್ಚಿದವರನ್ನು ನಾನು ಕಂಡಿದ್ದೇನೆ. ಶ್ವಾಸನಾಳದ ಒಳಗಿನ ಸಣ್ಣ ರೋಮಗಳು ಮತ್ತೆ ಗುಡಿಸುವ ಕೆಲಸಕ್ಕೆ ಇಳಿದಿವೆ ಎಂದು ತಂದೆಯವರಿಗೆ ಹೇಳಿ.

ಕಾಯುವುದರ ಅಪಾಯದ ಬಗ್ಗೆ: ನಡೆದಾಗ ಮಾತ್ರ ಬಂದು, ನಿಂತರೆ ಹೋಗುವ ನೋವಿದ್ದು, ಪಂಪಿಂಗ್ ಚೆನ್ನಾಗಿದ್ದು, ಎಡ ಮುಖ್ಯ ರಕ್ತನಾಳದಲ್ಲಿ ಬ್ಲಾಕ್ ಇಲ್ಲದಿದ್ದರೆ ಕೆಲವು ವಾರ ಕಾಯಬಹುದು. ಆದರೂ 2018ರ ಯುರೋಪಿನ ಹೃದ್ರೋಗ ಮಾರ್ಗಸೂಚಿಗಳು ತೀವ್ರ ನೋವು, ಎಡ ಮುಖ್ಯ ನಾಳದ ಬ್ಲಾಕ್ ಅಥವಾ ಮೂರೂ ನಾಳಗಳ ಬ್ಲಾಕ್ ಇರುವವರಿಗೆ ಎರಡು ವಾರಗಳ ಒಳಗೆ, ಉಳಿದವರಿಗೆ ಆರು ವಾರಗಳ ಒಳಗೆ ಎಂದು ಗಡುವು ಹಾಕಿದ್ದವು; ಆದ್ದರಿಂದ ಶ್ವಾಸಕೋಶಕ್ಕಾಗಿ ನಾಲ್ಕು ವಾರ ಕಾಯುವುದನ್ನು ಹೃದಯ ವೈದ್ಯರೂ ಒಪ್ಪಿದ್ದಾರೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಆದರೆ ಕೂತಲ್ಲೇ ನೋವು ಬಂದರೆ, ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ, ನಾಲಿಗೆಯ ಕೆಳಗಿನ ಮಾತ್ರೆಗೆ ಬಗ್ಗದಿದ್ದರೆ ವಾರ ಎಣಿಸುತ್ತಾ ಕೂರಬಾರದು; ಹತ್ತಿರದ ಆಸ್ಪತ್ರೆಗೆ ಆ ಕೂಡಲೇ ಹೋಗಬೇಕು.

ನಡಿಗೆ ಪರೀಕ್ಷೆಯ ವಿಚಾರ. ಕಳೆದ ಒಂದು ತಿಂಗಳಲ್ಲಿ ಹೃದಯಾಘಾತವಾದವರಿಗೆ, ನೋವು ಹತೋಟಿಗೆ ಬಾರದವರಿಗೆ ಇದನ್ನು ಮಾಡಿಸುವುದಿಲ್ಲ. ತಮ್ಮ ತಂದೆಯವರಂಥವರಿಗೆ ಇದು ಟ್ರೆಡ್‌ಮಿಲ್‌ಗಿಂತ ಸೌಮ್ಯವಾದದ್ದು, ಏಕೆಂದರೆ ಇಲ್ಲಿ ವೇಗ ಅವರದೇ, ನಿಲ್ಲುವ ಹಕ್ಕೂ ಅವರದೇ. ಅಮೆರಿಕದ ಎದೆರೋಗ ತಜ್ಞರ ಸಂಘ 2002ರಲ್ಲಿ ಇದರ ನಿಯಮಗಳನ್ನು ಗೊತ್ತುಮಾಡಿತು. 30 ಮೀಟರ್ ಉದ್ದದ ಸಮತಟ್ಟಾದ ದಾರಿ ಬೇಕು, ನಡುನಡುವೆ ಹೇಳುವ ಪ್ರೋತ್ಸಾಹದ ಮಾತೂ ಎಲ್ಲರಿಗೂ ಒಂದೇ ಆಗಿರಬೇಕು. ತಮ್ಮನ್ನು ಜೊತೆಗೆ ನಡೆಯಗೊಡದೆ ಇದ್ದುದು ಸರಿಯೇ. ಮಗ ಪಕ್ಕದಲ್ಲಿದ್ದರೆ ತಂದೆ ಮಗನ ಹೆಜ್ಜೆಗೆ ಹೆಜ್ಜೆ ಹಾಕುತ್ತಾರೆ.

ಎಷ್ಟು ಮೀಟರ್ ನಡೆದರೆ ಪಾಸು ಎಂಬ ಗೆರೆ ಇಲ್ಲ. 300 ಮೀಟರ್‌ಗಿಂತ ಕಡಿಮೆ ನಡೆದವರ ಬಗ್ಗೆ ನಾವು ಹೆಚ್ಚು ಎಚ್ಚರ ವಹಿಸುತ್ತೇವೆ, ಅಷ್ಟೇ. ಮುಖವಾಡ ಹಾಕಿ ಸೈಕಲ್ ತುಳಿಸಿ, ದೇಹ ಎಷ್ಟು ಆಮ್ಲಜನಕ ಬಳಸುತ್ತದೆ ಎಂದು ಅಳೆಯುವ ಇನ್ನೂ ನಿಖರವಾದ ಪರೀಕ್ಷೆಯೂ ಇದೆ. ಹೃದಯ ಕಸಿಗೆ ಆಯ್ಕೆ ಮಾಡುವಾಗ ಅದರ ಅಂಕಿಗೆ ಬೆಲೆ ಹೆಚ್ಚು. ಅಲ್ಲಿ ನಿಮಿಷಕ್ಕೆ, ತೂಕದ ಪ್ರತಿ ಕಿಲೋಗೆ 14 ಮಿ.ಲೀ. ಎಂಬುದು ಬಹುಕಾಲದಿಂದ ಬಂದ ಗೆರೆ, ಹೃದಯಬಡಿತವನ್ನು ನಿಧಾನಗೊಳಿಸುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಿಗೆ 12. ಬೈಪಾಸ್‌ಗೆ ಬರುವ ಎಲ್ಲರಿಗೂ ಅದು ಬೇಕಿಲ್ಲ.

ಯಂತ್ರಗಳಿಗಿಂತ ಮೊದಲು ನಾನು ಕೇಳುವ ಪ್ರಶ್ನೆಯೊಂದಿದೆ. ಮಲೆನಾಡಿನಲ್ಲಿ ಮನೆ ಮೇಲಿರುತ್ತದೆ, ತೋಟ ಕೆಳಗಿನ ಕಣಿವೆಯಲ್ಲಿರುತ್ತದೆ. ‘ದಮ್ಮು ಬರುತ್ತದೆಯೇ?’ ಎಂದು ಕೇಳಿದರೆ ಬಹಳ ಮಂದಿ ‘ಇಲ್ಲ’ ಎನ್ನುತ್ತಾರೆ, ಏಕೆಂದರೆ ತೋಟಕ್ಕೆ ಇಳಿಯುವುದನ್ನೇ ಬಿಟ್ಟಿರುತ್ತಾರೆ. ಆದ್ದರಿಂದ ‘ಎರಡು ವರ್ಷದ ಹಿಂದೆ ಮಾಡುತ್ತಿದ್ದ ಯಾವ ಕೆಲಸವನ್ನು ಈಗ ಬಿಟ್ಟಿದ್ದೀರಿ?’ ಎಂದು ಕೇಳುತ್ತೇನೆ. ವೈದ್ಯರು ಕಣ್ಣಂದಾಜಿನಲ್ಲಿ ‘ಇವರು ಗಟ್ಟಿಯಾಗಿದ್ದಾರೆ’ ಎನ್ನುವುದನ್ನು ನಂಬುವಂತಿಲ್ಲ ಎಂದು 2018ರಲ್ಲಿ ಪ್ರಕಟವಾದ, 1,401 ರೋಗಿಗಳ ಒಂದು ಅಧ್ಯಯನ ತೋರಿಸಿತು. ನಿಜಕ್ಕೂ ಶಕ್ತಿ ಸಾಲದವರಲ್ಲಿ ಶೇ. 19ರಷ್ಟು ಮಂದಿಯನ್ನು ಮಾತ್ರ ವೈದ್ಯರ ಅಂದಾಜು ಗುರುತಿಸಿತ್ತು. ಅದು ಹೃದಯದ್ದಲ್ಲದ ಶಸ್ತ್ರಚಿಕಿತ್ಸೆಗಳಿಗೆ ಸಂಬಂಧಿಸಿದ್ದು ನಿಜ, ಆದರೆ ಆ ಕಣ್ಣು ನಮ್ಮದೂ ಹೌದಲ್ಲ.

ಉತ್ತರ 2: ನಿವೃತ್ತ ಮೇಷ್ಟ್ರು

ನನಗೆ 2009ರಲ್ಲಿ ಬೈಪಾಸ್ ಆಯಿತು. ಆಗ ಯಾರೂ ನನ್ನನ್ನು ಕಾರಿಡಾರ್‌ನಲ್ಲಿ ನಡೆಸಲಿಲ್ಲ, ಊದಿಸಲಿಲ್ಲ. ಸೋಮವಾರ ಸೇರಿಸಿದರು, ಬುಧವಾರ ಆಪರೇಷನ್ ಮಾಡಿದರು. ಇಂದಿಗೂ ದಿನಕ್ಕೆ ಮೂರು ಕಿಲೋಮೀಟರ್ ನಡೆಯುತ್ತೇನೆ. ಈಗ ಅಪಾಯವನ್ನು ಲೆಕ್ಕ ಹಾಕುವ ಕಂಪ್ಯೂಟರ್ ಸೂತ್ರಗಳೇ ಇವೆಯಂತೆ. ಅವಿದ್ದ ಮೇಲೆ ವಯಸ್ಸಾದವರನ್ನು ಇಷ್ಟು ಅಲೆದಾಡಿಸುವುದು ಬೇಕೇ ಎಂದು ವಿನಯದಿಂದಲೇ ಕೇಳುತ್ತೇನೆ.

ಉತ್ತರ 3: ಅರಿವಳಿಕೆ ವೈದ್ಯ

ಮೇಷ್ಟ್ರೇ, ತಾವು ಬೀಡಿ ಸೇದುತ್ತಿರಲಿಲ್ಲ ಎಂದು ಊಹಿಸುತ್ತೇನೆ. ಯಾವ ತೊಂದರೆಯೂ ಇಲ್ಲದೆ ಮೆಟ್ಟಿಲು ಹತ್ತಿ ಬರುವವರಿಗೆ ನಾವು ಇಂದಿಗೂ ಎಲ್ಲ ಪರೀಕ್ಷೆ ಮಾಡಿಸುವುದಿಲ್ಲ.

ತಾವು ಹೇಳಿದ ಸೂತ್ರಗಳಲ್ಲಿ 2012ರಲ್ಲಿ ಪ್ರಕಟವಾದ ಯೂರೋಸ್ಕೋರ್ 2 ಹೆಚ್ಚು ಬಳಕೆಯಲ್ಲಿದೆ. ವಯಸ್ಸು, ಮೂತ್ರಪಿಂಡದ ಶಕ್ತಿ, ಪಂಪಿಂಗ್, ಶ್ವಾಸಕೋಶದ ರಕ್ತದೊತ್ತಡ, ಆಪರೇಷನ್ ಎಷ್ಟು ತುರ್ತು ಎಂಬಂಥ ವಿವರಗಳನ್ನು ತುಂಬಿದರೆ ಸಾವಿನ ಅಪಾಯ ಶೇಕಡಾ ಇಷ್ಟು ಎಂದು ಅದು ಹೇಳುತ್ತದೆ. ಅದು ಒಳ್ಳೆಯ ಸಾಧನ, ನಾನೂ ಬಳಸುತ್ತೇನೆ. ಆದರೆ ಅದರಲ್ಲೊಂದು ಸಂದಿ ಇದೆ. ‘ದೀರ್ಘಕಾಲದ ಶ್ವಾಸಕೋಶ ರೋಗ’ ಎಂಬ ಅಂಕ ಸಿಗಬೇಕಾದರೆ ರೋಗಿ ಅದಕ್ಕಾಗಿ ದೀರ್ಘಕಾಲದಿಂದ ಇನ್‌ಹೇಲರ್‌ನಂಥ ಔಷಧಿ ಅಥವಾ ಸ್ಟೀರಾಯ್ಡ್ ಬಳಸುತ್ತಿರಬೇಕು. ಮೂವತ್ತು ವರ್ಷ ಬೀಡಿ ಸೇದಿ, ಕೆಮ್ಮಿಗೆ ಒಮ್ಮೆಯೂ ವೈದ್ಯರ ಬಳಿ ಹೋಗದ ರೈತನಿಗೆ ಆ ಸಾಲಿನಲ್ಲಿ ಬೀಳುವುದು ಸೊನ್ನೆ. ನಡೆಯಲಾಗದವರ ಸಾಲೂ ಹಾಗೆಯೇ: ಕೀಲು, ಮೂಳೆ, ನರಗಳ ತೊಂದರೆಯಿಂದ ನಡೆಯಲಾಗದವರನ್ನು ಮಾತ್ರ ಅದು ಲೆಕ್ಕಕ್ಕೆ ಹಿಡಿಯುತ್ತದೆ. ಚಿಕಿತ್ಸೆಗೆ ಹೋಗದವನು ಕಾಗದದ ಮೇಲೆ ಆರೋಗ್ಯವಂತನಾಗಿ ಕಾಣುತ್ತಾನೆ.

ಉತ್ತರ 4: ಹುಬ್ಬಳ್ಳಿ ಫಿಸಿಯೋ

ನಾಲ್ಕು ವಾರಗಳಲ್ಲಿ ಏನು ಮಾಡಬೇಕು ಎಂಬುದರ ಬಗ್ಗೆ ಬರೆಯುತ್ತೇನೆ, ಏಕೆಂದರೆ ‘ವ್ಯಾಯಾಮ ಮಾಡಿಕೊಂಡು ಬನ್ನಿ’ ಎಂಬ ಒಂದು ಸಾಲಿನಲ್ಲಿ ರೋಗಿಗಳಿಗೆ ಏನೂ ಗೊತ್ತಾಗುವುದಿಲ್ಲ.

ತಮಗೆ ಮೂರು ಚೆಂಡಿನ ಉಪಕರಣ ಕೊಟ್ಟಿರಬಹುದು. ನನ್ನ ಬಳಿ ಬರುವವರಲ್ಲಿ ಎಷ್ಟೋ ಮಂದಿ ಅದನ್ನು ಊದುತ್ತಿರುತ್ತಾರೆ. ಅದನ್ನು ನೆಟ್ಟಗೆ ಹಿಡಿದು ಊದಿದರೆ ಚೆಂಡು ಏಳುವುದಿಲ್ಲ. ಆಗ ಮನೆಯವರು ‘ಇವರಿಗೆ ಶಕ್ತಿಯೇ ಇಲ್ಲ’ ಎಂದು ಗಾಬರಿಪಡುತ್ತಾರೆ. ಅದನ್ನು ಎಳನೀರಿನ ಸ್ಟ್ರಾ ಹೀರಿದಂತೆ ನಿಧಾನವಾಗಿ ಒಳಗೆ ಎಳೆಯಬೇಕು, ಚೆಂಡನ್ನು ಎರಡು ಮೂರು ಸೆಕೆಂಡು ಮೇಲೆ ನಿಲ್ಲಿಸಬೇಕು, ಬಳಿಕ ಆರಾಮವಾಗಿ ಬಿಡಬೇಕು. ಒಂದು ಚೆಂಡನ್ನು ಹೆಚ್ಚು ಹೊತ್ತು ನಿಲ್ಲಿಸುವುದು ಮೂರನ್ನೂ ಕ್ಷಣಕಾಲ ಹಾರಿಸುವುದಕ್ಕಿಂತ ಒಳ್ಳೆಯದು. ತಲೆ ಸುತ್ತಿದರೆ ನಿಲ್ಲಿಸಬೇಕು.

ಇದಕ್ಕಿಂತ ಬಲವಾದ ಸಾಧನವೂ ಇದೆ. ಉಸಿರು ಎಳೆಯುವಾಗ ಸ್ಪ್ರಿಂಗ್ ತಡೆಯೊಡ್ಡುವ ಚಿಕ್ಕ ಉಪಕರಣ. ಅದರಿಂದ ಎದೆಗೂ ಹೊಟ್ಟೆಗೂ ನಡುವೆ ಇರುವ ಉಸಿರಾಟದ ಸ್ನಾಯು ವಪೆಗೆ ನೇರವಾಗಿ ವ್ಯಾಯಾಮವಾಗುತ್ತದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಶ್ವಾಸಕೋಶದ ತೊಂದರೆಯ ಅಪಾಯ ಹೆಚ್ಚಿದ್ದ, ಬೈಪಾಸ್‌ಗೆ ಕಾಯುತ್ತಿದ್ದ 279 ಜನರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕನಿಷ್ಠ ಎರಡು ವಾರ, ದಿನಕ್ಕೆ 20 ನಿಮಿಷ ಇಂಥ ತರಬೇತಿ ಪಡೆದವರಲ್ಲಿ ಶೇ. 18 ಮಂದಿಗೆ ಆಪರೇಷನ್ ನಂತರ ಶ್ವಾಸಕೋಶದ ತೊಂದರೆಗಳಾದವು, ಪಡೆಯದವರಲ್ಲಿ ಶೇ. 35 ಮಂದಿಗೆ. ನಾನು ಮನೆಯವರಿಗೆ ಯಾವಾಗಲೂ ಹೇಳುವ ಅಂಕಿ ಇದೊಂದೇ. ಕಾಯುವ ದಿನಗಳೂ ಚಿಕಿತ್ಸೆಯ ದಿನಗಳೇ ಎಂದು ಇದನ್ನು ಕೇಳಿದ ಮೇಲೆ ಅವರಿಗೆ ಮನವರಿಕೆಯಾಗುತ್ತದೆ.

ನಡಿಗೆಯನ್ನು ಅಂಗಳದಲ್ಲಿ, ಸಮತಟ್ಟಾದ ಕಡೆ, ಊಟವಾಗಿ ಎರಡು ಗಂಟೆಯ ನಂತರ ಮಾಡಿಸಿ. ನಡೆಯುತ್ತಲೇ ಒಂದು ವಾಕ್ಯ ಮಾತಾಡಲು ಆಗಬೇಕು; ಆಗದಿದ್ದರೆ ವೇಗ ಹೆಚ್ಚಾಗಿದೆ ಎಂದರ್ಥ. ಎದೆ ಬಿಗಿದರೆ ಅಲ್ಲಿಗೇ ನಿಲ್ಲಿಸಬೇಕು, ‘ಇನ್ನೊಂದು ಸುತ್ತು’ ಎಂಬ ಹಠ ಬೇಡ. ಎಷ್ಟು ಹೊತ್ತು, ಎಷ್ಟು ದೂರ ಎಂಬುದನ್ನು ತಮ್ಮ ವೈದ್ಯರಿಂದಲೇ ಬರೆಸಿಕೊಳ್ಳಿ. ದಿಂಬನ್ನು ಎದೆಗೆ ಅವುಚಿಕೊಂಡು ಕೆಮ್ಮುವುದನ್ನು, ಕೈ ಊರದೆ ಮಗ್ಗುಲಿಗೆ ಹೊರಳಿ ಏಳುವುದನ್ನು ಈಗಲೇ ಕಲಿಸಿಡಿ. ಎದೆಮೂಳೆ ಕೂಡುವ ಮೊದಲ ವಾರಗಳಲ್ಲಿ ಅದೇ ಕೈಹಿಡಿಯುವುದು, ಆಗ ನೋವಿನ ನಡುವೆ ಹೊಸದಾಗಿ ಕಲಿಯಲು ಆಗುವುದಿಲ್ಲ.

ಉತ್ತರ 5: ಬಾಗಲಕೋಟೆಯ ಮಗಳು

ನಮ್ಮ ಅವ್ವನ ಅನುಭವ ಇದಕ್ಕೆ ತಿರುಗುಮುರುಗಾಗಿತ್ತು, ಅದಕ್ಕೇ ಬರೆಯುತ್ತಿದ್ದೇನೆ. ಅವರಿಗೆ ಆಗ 43 ವರ್ಷ. ಕಟ್ಟಿಗೆ ಒಲೆಯ ಹೊಗೆಯಿಂದ ಉಬ್ಬಸ ಬಂದಿದೆ ಎಂದು ವರ್ಷಗಟ್ಟಲೆ ಔಷಧಿ ಕೊಡಿಸಿದೆವು. ಊದುವ ಪರೀಕ್ಷೆಯಲ್ಲಿ ಅವರಿಗೂ ಇಂಥದೇ ಅಂಕಿ, ಶೇ. 56 ಬಂದಿತ್ತು. ಕೊನೆಗೆ ಹೃದಯದ ಕವಾಟ ಬದಲಿಸಬೇಕು ಎಂದಾಗ ನಾವು ‘ಶ್ವಾಸಕೋಶ ಸುಧಾರಿಸಲಿ, ಆಮೇಲೆ ಆಪರೇಷನ್ ಮಾಡಿಸೋಣ’ ಎಂದೆವು. ವೈದ್ಯರು ಒಪ್ಪಲಿಲ್ಲ. ಅವ್ವನ ಅನುಪಾತ 0.78 ಇದೆ, ಶ್ವಾಸನಾಳ ಕಿರಿದಾಗಿಲ್ಲ ಎಂದು ತೋರಿಸಿದರು. ಬಾಲ್ಯದಲ್ಲಿ ಬಂದ ಕೀಲುವಾತದ ಜ್ವರದಿಂದ ಹೃದಯದ ಎಡಭಾಗದ ಕವಾಟ ಬಿಗಿದುಕೊಂಡು, ರಕ್ತ ಹಿಂದಕ್ಕೆ ತುಂಬಿ ಶ್ವಾಸಕೋಶವೇ ಗಡುಸಾಗಿತ್ತು. ಕವಾಟ ಸುಣ್ಣಗಟ್ಟಿ ಸೋರುತ್ತಲೂ ಇದ್ದುದರಿಂದ ಬಲೂನಿನಿಂದ ಹಿಗ್ಗಿಸಲು ಆಗುತ್ತಿರಲಿಲ್ಲ. ಎಷ್ಟು ಕಾದರೂ ಆ ಅಂಕಿ ಮೇಲೇರುವುದಿಲ್ಲ, ಕವಾಟ ಬದಲಿಸಿದರೇ ಶ್ವಾಸಕೋಶಕ್ಕೆ ಬಿಡುಗಡೆ ಎಂದರು. ಅವ್ವನಿಗೆ ಮಲಗಿದರೆ ಉಸಿರು ಕಟ್ಟುತ್ತಿದ್ದುದರಿಂದ ನಡಿಗೆ ಪರೀಕ್ಷೆಯನ್ನು ಮಾಡಿಸಲೇ ಇಲ್ಲ.

ಕೊನೆಗೆ ನಮ್ಮನ್ನು ಹತ್ತು ದಿನ ಕಾಯಿಸಿದ್ದು ಒಂದು ಹುಳುಕು ಹಲ್ಲು! ಅದರಿಂದ ಸೋಂಕು ರಕ್ತಕ್ಕೆ ಸೇರಿ ಹೊಸ ಕವಾಟಕ್ಕೆ ಅಂಟಬಾರದೆಂದು ಮೊದಲು ಅದನ್ನು ಕೀಳಿಸಿದರು.

ಉತ್ತರ 6: ತೋಟದಮನೆ

ಎಲ್ಲರಿಗೂ ನಮಸ್ಕಾರ. ಐದು ವಾರಗಳ ನಂತರ ಬರೆಯುತ್ತಿದ್ದೇನೆ. ತಾವೆಲ್ಲ ಹೇಳಿದಂತೆ ಎರಡನೆಯ ವಾರ ಕೆಮ್ಮು ಜೋರಾಯಿತು, ಬೀಡಿಯ ಕಟ್ಟು ಹುಡುಕಿಕೊಂಡು ತಂದೆಯವರು ಕೊಟ್ಟಿಗೆಯವರೆಗೆ ಹೋಗಿದ್ದೂ ಆಯಿತು. ಆದರೆ ಹಚ್ಚಲಿಲ್ಲ. ಮೂರು ಚೆಂಡನ್ನು ನಾವೂ ಊದಿಸುತ್ತಲೇ ಇದ್ದೆವು ಎಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ.

ಮೊನ್ನೆ ಮತ್ತೆ ಪರೀಕ್ಷಿಸಿದರು. ಒಂದೇ ಉಸಿರಿನ ಎಣಿಕೆ 25ಕ್ಕೆ ಬಂದಿದೆ. ಊದುವ ಪರೀಕ್ಷೆ ಶೇ. 61. ಆರು ನಿಮಿಷಕ್ಕೆ 345 ಮೀಟರ್ ನಡೆದರು, ಆಮ್ಲಜನಕ 93ಕ್ಕಿಂತ ಕೆಳಗೆ ಇಳಿಯಲಿಲ್ಲ. ಮುಂದಿನ ಗುರುವಾರ ದಿನ ಗೊತ್ತಾಗಿದೆ. ಇನ್ನೊಂದು ಸಂದೇಹವಿದೆ. ಬೀಡಿ ಬಿಟ್ಟ ಮೇಲೆ ತಂದೆಯವರು ಎಲೆಯಡಿಕೆಯನ್ನು ಮೊದಲಿಗಿಂತ ಹೆಚ್ಚು ಹಾಕುತ್ತಿದ್ದಾರೆ. ಹೊಗೆಯಲ್ಲವಲ್ಲ ಎಂದು ನಾವೂ ಸುಮ್ಮನಿದ್ದೇವೆ. ತೊಂದರೆ ಇಲ್ಲವಷ್ಟೇ?

ಉತ್ತರ 7: ಹುಬ್ಬಳ್ಳಿ ಫಿಸಿಯೋ

ಬಹಳ ಸಂತೋಷ. ಎರಡನೆಯ ಸಲ ನಡೆಯುವಾಗ ದಾರಿ ಪರಿಚಯವಿರುತ್ತದೆ, ಆದ್ದರಿಂದ ಆ 60 ಮೀಟರ್‌ನಲ್ಲಿ ಒಂದು ಭಾಗ ಕೇವಲ ರೂಢಿಯಿಂದ ಬಂದದ್ದು. ಉಳಿದದ್ದು ತಂದೆಯವರ ಸಂಪಾದನೆ. ಚೆಂಡಿನ ಉಪಕರಣವನ್ನು ಹೆಸರು ಬರೆದು ಆಸ್ಪತ್ರೆಗೂ ತೆಗೆದುಕೊಂಡು ಹೋಗಿ.

ಉತ್ತರ 8: ಅರಿವಳಿಕೆ ವೈದ್ಯ

ಎಲೆಯಡಿಕೆಯ ಪ್ರಶ್ನೆ ಸಣ್ಣದಲ್ಲ, ಕೇಳಿದ್ದು ಒಳ್ಳೆಯದಾಯಿತು. ಹೊಗೆಸೊಪ್ಪು ಸೇರಿಸುತ್ತಿದ್ದರೆ ನಿಕೋಟಿನ್ ಹಾಗೆಯೇ ಒಳಗೆ ಹೋಗುತ್ತಿದೆ, ನಾಡಿಬಡಿತವನ್ನೂ ರಕ್ತದೊತ್ತಡವನ್ನೂ ಏರಿಸುತ್ತಿದೆ ಎಂದು ತಿಳಿಯಿರಿ. ಅದು ಒಂದು. ಇನ್ನೊಂದು ನನ್ನ ಕೆಲಸಕ್ಕೆ ಸೇರಿದ್ದು. ವರ್ಷಗಟ್ಟಲೆ ಅಡಿಕೆ ಜಗಿದವರಲ್ಲಿ ಕೆನ್ನೆಯ ಒಳಪದರ ಬಿಳಚಿ, ಬಿಗಿದು, ಬಾಯಿ ಪೂರ್ತಿ ತೆರೆಯದಂತಾಗಬಹುದು. ಉಸಿರಾಟದ ನಳಿಕೆಯನ್ನು ಸಾಮಾನ್ಯವಾಗಿ ಬಾಯಿಯ ಮೂಲಕವೇ ಹಾಕುತ್ತೇವೆ; ಆಪರೇಷನ್ ನಡೆಯುವಾಗ ಹೃದಯವನ್ನು ನೋಡುವ ಎಕೋ ನಳಿಕೆಯೂ ಅದೇ ದಾರಿಯಲ್ಲಿ ಅನ್ನನಾಳಕ್ಕೆ ಇಳಿಯಬೇಕು.

ತಂದೆಯವರಿಗೆ ಬಾಯಿ ಆದಷ್ಟು ಅಗಲ ತೆರೆದು, ತಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದಾಗಿ ಹಲ್ಲುಗಳ ನಡುವೆ ಇಡಲು ಹೇಳಿ. ಮೂರೂ ಹೋದರೆ ಚಿಂತೆಯಿಲ್ಲ. ಎರಡಕ್ಕೇ ಬಿಗಿಯಾದರೆ, ಮೊದಲ ತಪಾಸಣೆಯಲ್ಲಿ ಬಾಯಿ ನೋಡಿದ್ದಾರೆ ಎಂಬ ಭರವಸೆಯ ಮೇಲೆ ಬಿಡದೆ, ಗುರುವಾರದವರೆಗೆ ಕಾಯದೆ ಈಗಲೇ ಅವರ ಅರಿವಳಿಕೆ ವೈದ್ಯರಿಗೆ ಫೋನ್ ಮಾಡಿ ತಿಳಿಸಿ. ಅಂಥವರಿಗೆ ಎಚ್ಚರವಿರುವಾಗಲೇ ಮೂಗಿನ ಮೂಲಕ ಕ್ಯಾಮೆರಾ ನಳಿಕೆಯ ಸಹಾಯದಿಂದ ಹಾಕುವ ವಿಧಾನವಿದೆ, ಆದರೆ ಅದಕ್ಕೆ ಉಪಕರಣ, ಪಳಗಿದ ಕೈ ಎರಡನ್ನೂ ಮೊದಲೇ ಸಿದ್ಧಮಾಡಿಟ್ಟುಕೊಳ್ಳಬೇಕಾಗುತ್ತದೆ.

ಉತ್ತರ 9: ತೋಟದಮನೆ

ಈಗಷ್ಟೇ ನೋಡಿದೆವು. ಎರಡು ಬೆರಳು ಸಲೀಸಾಗಿ ಹೋಗುತ್ತವೆ, ಮೂರನೆಯದು ಉಗುರಿನವರೆಗೆ ಮಾತ್ರ. ಫೋನ್ ಮಾಡುತ್ತಿದ್ದೇನೆ.